ತೆಂಗಿನ ಸೀಮೆಯ ಆನರ್ಸ್ ವಿದ್ಯಾರ್ಥಿಯೂ ಪರಭಾಷೆಯೂ

ಹೊನ್ನವಳ್ಳಿಯ ಮನೆಗಳ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷಕಾಲ ತನ್ನಷ್ಟಕ್ಕೆ ನೀರಾರಿ ಕೊಬ್ಬರಿಯಾದ ಕಾಯಿ, ಸಿಪ್ಪೆ ಸುಲಿಸಿಕೊಂಡು, ಕರಟ ಕಳಚಿಕೊಂಡು, ತಿಪಟೂರಿನ ಮಾರುಕಟ್ಟೆಯನ್ನು ಹಾದು ಉತ್ತರ ಹಿಂದೂಸ್ಥಾನದ ಅಂಗಡಿಗಳವರೆಗೂ ಸಾಗುವುದು. ಆ ಅಟ್ಟದ ಕೆಳಗೆ ಕುಳಿತು ಪದವಿಗೆ ಓದುವ ಮಗನಿಗಾಗಲಿ ಮಗಳಿಗಾಗಲಿ ವಿಶ್ವವಿದ್ಯಾನಿಲಯವು ಕಲಿಸುವ ಭಾಷೆಗಳು ಅಷ್ಟು ದೂರ ಜೊತೆಗೆ ಬಾರವು. ಆನರ್ಸ್ ಎಂಬ ಗೌರವದ ನಾಮಧೇಯವನ್ನು ಹೊತ್ತ ಶಿಕ್ಷಣಕ್ರಮದಲ್ಲಿ ಪರಭಾಷಾಧ್ಯಯನಕ್ಕೂ ಲೋಕಪರಿಚಯಕ್ಕೂ ಪ್ರಧಾನಸ್ಥಾನ ಸಲ್ಲತಕ್ಕದ್ದೆಂಬ ನನ್ನ ಅಭಿಪ್ರಾಯಕ್ಕೆ ಆಧಾರವನ್ನು ಈ ತೆಂಗಿನ ಸೀಮೆಯೇ ಒದಗಿಸಿದೆ.

1884ರಲ್ಲಿ ಇದೇ ಸೀಮೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಜನಿಸಿದ ಬಿ. ಎಂ. ಶ್ರೀಕಂಠಯ್ಯನವರು ಮೈಸೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದುಕೊಂಡೇ ಕನ್ನಡದ ನವೋದಯಕ್ಕೆ ಕಾರಣಪುರುಷರಾದರು. ಗ್ರೀಕರ ದುರಂತನಾಟಕಗಳ ಗಾಂಭೀರ್ಯಕ್ಕೆ ಮನಸೋತ ಆ ಕಣ್ಣಿಗೆ ನಮ್ಮ ರನ್ನನೇ ಹೊಸದಾಗಿ ಕಾಣಿಸಿ, ಅವನ ಕಾವ್ಯವು ‘ಗದಾಯುದ್ಧ ನಾಟಕಂ’ ಆಗಿ ರೂಪುಗೊಂಡಿತು. ಸೊಫೊಕ್ಲಿಸನ ಏಜಾಕ್ಸನು ಮಹಾಭಾರತದ ವೀರನೊಬ್ಬನಲ್ಲಿ ಪುನರ್ಜನ್ಮ ತಳೆದು 1929ರಲ್ಲಿ ‘ಅಶ್ವತ್ಥಾಮನ್’ ಬಂದಿತು. ಈಸ್ಕಿಲಸನ ಕೃತಿಯನ್ನನುಸರಿಸಿ 1935ರಲ್ಲಿ ‘ಪಾರಸಿಕರು’ ಬಂದಿತು. ಪರರ ಸಾಹಿತ್ಯವನ್ನು ಆಳವಾಗಿ ಓದಿದವನು ತನ್ನದನ್ನು ಮರೆಯುವನೆಂದು ಅಂಜುವವರು ಈ ಮೂರು ನಾಟಕಗಳನ್ನು ಒಮ್ಮೆ ಸಾವಧಾನವಾಗಿ ನೋಡಬೇಕು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರಾದರೋ ಇಂಗ್ಲಿಷ್, ಕನ್ನಡಗಳೆರಡರಲ್ಲಿಯೂ ಎಂ. ಎ. ಪದವೀಧರರು, ಆನಂದವರ್ಧನ, ಅಭಿನವಗುಪ್ತರ ವಿಚಾರಗಳನ್ನು ತಿಳಿಗನ್ನಡಕ್ಕಿಳಿಸಿದ ಅವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಲ್ಲಿ ಪ್ರಕಟವಾಯಿತು.

ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021ರಲ್ಲಿ ನಾಲ್ಕು ವರ್ಷಗಳ ಆನರ್ಸ್ ಪದವಿಯನ್ನು ಆರಂಭಿಸಿದ ಕರ್ನಾಟಕವು 2024ರಲ್ಲಿ ಮೂರು ವರ್ಷಗಳ ಪದವಿಗೆ ಮರಳಿತು. ನಾಲ್ಕನೆಯ ವರ್ಷದ ವೆಚ್ಚವು ಬಡ ರೈತನಿಗೆ ಭಾರವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ವರ್ಷಗಳು ಮೂರಾಗಲಿ ನಾಲ್ಕಾಗಲಿ, ಭಾಷಾಪಾಠವು ಮೊದಲ ಕೆಲವು ಸೆಮಿಸ್ಟರುಗಳಲ್ಲಿಯೇ ಮುಗಿದುಹೋಗುವ ಪದ್ಧತಿ ಒಳ್ಳೆಯದಲ್ಲ. ಅಟ್ಟಕ್ಕೇರಿಸಿದ ಕಾಯನ್ನು ನಾಲ್ಕೇ ತಿಂಗಳಿಗೆ ಒಡೆದವನಿಗೆ ಕೊಬ್ಬರಿಯೂ ದಕ್ಕದು, ಎಳನೀರೂ ದಕ್ಕದು. ಆದಕಾರಣ ಕನ್ನಡ, ಇಂಗ್ಲಿಷುಗಳ ಹೊರತಾಗಿ ವಿದ್ಯಾರ್ಥಿಯು ತಾನೇ ಆರಿಸಿಕೊಂಡ ಒಂದು ಭಾಷೆ ಪ್ರವೇಶದ ದಿನದಿಂದ ಅಂತಿಮ ಪರೀಕ್ಷೆಯವರೆಗೂ ಅವನ ಸಂಗಡ ಇರಬೇಕು.

ಆ ಭಾಷೆ ಫ್ರೆಂಚೋ ಜರ್ಮನೋ ಆಗಲೇಬೇಕೆಂಬ ನಿರ್ಬಂಧವೇಕೆ? ಜಗತ್ತಿನ ತೆಂಗಿನ ಬೆಳೆಯಲ್ಲಿ ಇಂಡೊನೇಷ್ಯ, ಫಿಲಿಪ್ಪೀನ್ಸ್, ಭಾರತ ಈ ಮೂರೇ ಅಗ್ರಗಣ್ಯವಾದುವು. ಸುಳಿ ಕೊರೆಯುವ ದುಂಬಿ ಇಲ್ಲಿಯಂತೆ ಅಲ್ಲಿಯೂ ಉಂಟು, ಬೆಲೆಯ ಏರಿಳಿತದ ಸಂಕಟವೂ ಉಂಟು. 2004ರಲ್ಲಿ ಸ್ಥಾಪಿತವಾದ ಈ ಸೀಮೆಯ ತುಮಕೂರು ವಿಶ್ವವಿದ್ಯಾನಿಲಯವು ಇಂಡೊನೇಷ್ಯದ ಭಾಷೆಯನ್ನು ಕಲಿಸುವ ಏರ್ಪಾಡು ಮಾಡಿ, ಅಧ್ಯಾಪಕರು ದೊರೆಯದ ಪಕ್ಷದಲ್ಲಿ ಅಲ್ಲಿಯದೇ ಒಂದು ವಿಶ್ವವಿದ್ಯಾನಿಲಯದೊಡನೆ ಅಂತರ್ಜಾಲದ ಮೂಲಕ ತರಗತಿ ನಡೆಸಿ, ಎರಡೂ ನಾಡುಗಳ ಬೆಳೆಗಾರರ ಬಾಳನ್ನು ಹೋಲಿಸುವ ಆನರ್ಸ್ ಪ್ರಬಂಧಗಳಿಗೆ ಪ್ರೋತ್ಸಾಹವೀಯಲಿ. ಪ್ರಬಂಧವನ್ನು ಕನ್ನಡದಲ್ಲಿಯೇ ಬರೆಯಲು ಅನುಮತಿ ಇರತಕ್ಕದ್ದು. ಪರೀಕ್ಷಕರ ಎದುರಿಗೆ ಮಂಡಿಸಿದ ಮೇಲೆ ಅದನ್ನು ಕೊಬ್ಬರಿ ಬೆಳೆಯುವ ರೈತರ ಸಮ್ಮುಖದಲ್ಲಿಯೂ ಓದಿಸತಕ್ಕದ್ದು.