ಕ್ಯಾಂಡಲ್ ಫಿಲ್ಟರ್: ಯಾವಾಗ ತೊಳೀಬೇಕು, ಯಾವಾಗ ಬದಲಾಯಿಸಬೇಕು?

ಭಾಂಡುಪ್‌ನಂಥ ಘಟಕಗಳಿಂದ ಮುಂಬೈ ನೀರು ಶುದ್ಧವಾಗೇ ಹೊರಡುತ್ತೆ. ಆದ್ರೆ ಧಾರಾವಿಯ ಗಲ್ಲಿಗಳಲ್ಲಿ ನಲ್ಲೀಲಿ ನೀರು ಬರೋದು ದಿನಕ್ಕೆ ಕೆಲವೇ ಗಂಟೆ. ಉಳಿದ ಹೊತ್ತು ಪೈಪಿನಲ್ಲಿ ಒತ್ತಡ ಇರಲ್ಲ. ಸೋರೋ ಜಾಗದಿಂದ ಗಟಾರದ ನೀರು ಒಳಗೆ ಸೇರಬಹುದು. ಅದಕ್ಕೇ ಮೊದಲು ಬರೋ ನೀರನ್ನ ಕುಡಿಯೋಕೆ ಹಿಡೀಬೇಡಿ, ಬಟ್ಟೆ ಒಗೆಯೋಕೆ ಇಟ್ಕೊಳ್ಳಿ.

ಈಗ ಸ್ಟೀಲ್ ಫಿಲ್ಟರ್‌ಗೆ ಬರೋಣ. ನೀರು ಇಳಿಯೋದು ನಿಧಾನ ಆಯ್ತು ಅಂದ್ರೆ ಕ್ಯಾಂಡಲ್ ಕೆಟ್ಟಿದೆ ಅಂತಲ್ಲ, ಅದರ ರಂಧ್ರಗಳಲ್ಲಿ ಕೆಸರು ಕಟ್ಟಿದೆ ಅಂತ. ಕೈ ತೊಳ್ಕೊಂಡು ಕ್ಯಾಂಡಲ್ ಬಿಚ್ಚಿ, ಮೆತ್ತನೆ ಬ್ರಷ್‌ನಿಂದ ಶುದ್ಧ ನೀರಲ್ಲಿ ಹೊರಮೈ ಉಜ್ಜಿ. ಸೋಪು ಬೇಡ, ರಂಧ್ರದಲ್ಲೇ ಉಳಿದುಬಿಡುತ್ತೆ. ಒಳಗೆ ಕಾರ್ಬನ್ ಇದ್ರೆ ಉಜ್ಜಿದ್ರೂ ಅದು ಹೊಸದಾಗಲ್ಲ; ಕಂಪನಿ ಹೇಳಿದ ಅವಧಿಗೆ ಬದಲಾಯಿಸಿ.

ನಾನು ಸಾಫ್ಟ್‌ವೇರ್‌ನವನು. ನಮ್ಮಲ್ಲಿ ನಿಂತುಹೋದ ಪ್ರೋಗ್ರಾಂಗಿಂತ ಸದ್ದಿಲ್ಲದೆ ತಪ್ಪು ಉತ್ತರ ಕೊಡೋ ಪ್ರೋಗ್ರಾಂ ಹೆಚ್ಚು ಅಪಾಯ. ಕ್ಯಾಂಡಲ್ಲೂ ಹಾಗೇ. ನೀರು ಇದ್ದಕ್ಕಿದ್ದಂತೆ ಜೋರಾಗಿ ಇಳೀತಿದ್ರೆ ಖುಷಿಪಡಬೇಡಿ. ವಾಷರ್ ಸಡಿಲ ಆಗಿದೆಯಾ, ಕ್ಯಾಂಡಲ್ ಬಿರುಕು ಬಿಟ್ಟಿದೆಯಾ ನೋಡಿ. ಕೂದಲೆಳೆಯಷ್ಟು ಬಿರುಕಿದ್ರೂ ಎಸೆದು ಹೊಸದು ಹಾಕಿ.

ಇನ್ನೊಂದು ಮಾತು. ಒಳ್ಳೆ ಕ್ಯಾಂಡಲ್ ಟೈಫಾಯ್ಡ್ ಬ್ಯಾಕ್ಟೀರಿಯಾವನ್ನ ತಡೆಯಬಹುದು. ಕಾಮಾಲೆ ತರೋ ಹೆಪಟೈಟಿಸ್ ಎ ವೈರಸ್ ಸುಮಾರು 0.03 ಮೈಕ್ರಾನ್, ನುಸುಳಿ ಹೋಗುತ್ತೆ. ಹಾಗಾಗಿ ಸೋಸಿದ ನೀರನ್ನ ಕೊತಕೊತ ಅಂತ 1 ನಿಮಿಷ ಕುದಿಸಿ, ಮುಚ್ಚಿಡಿ. ಮನೇಲಿ ಚಿಕ್ಕ ಮಕ್ಕಳಿದ್ರೆ, ಮಳೆಗಾಲದಲ್ಲಂತೂ, ಇದನ್ನ ತಪ್ಪಿಸಲೇಬೇಡಿ.