ರಟ್ಟಿಗೆ ಬಟ್ಟೆ, ಬಟ್ಟೆಗೆ ಲೇಪ

ಇನ್ನೂರು ವರ್ಷದ ಹಿಂದೆ ಮೈಸೂರು ಸೀಮೆಯ ವ್ಯಾಪಾರಿಗಳು ಲೆಕ್ಕ ಬರೆಯುತ್ತಿದ್ದುದು ಬಟ್ಟೆಯ ಪುಸ್ತಕದಲ್ಲಿ. ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಕಲಸಿ ಹತ್ತಿ ಬಟ್ಟೆಯ ಎರಡೂ ಮೈಗೆ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಚಿದರೆ ಕಡತ ಸಿದ್ಧ. ಕರ್ನಲ್ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ದಕ್ಷಿಣ ಭಾರತದ ಇತಿಹಾಸದಲ್ಲಿ ಅದರ ಅಳತೆಯನ್ನೂ ಕೊಟ್ಟಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿ ಅಗಲ, 12ರಿಂದ 18 ಅಡಿ ಉದ್ದ, ಎರಡು ತುದಿಗೆ ಬಣ್ಣ ಹಚ್ಚಿದ ಮರದ ಹಲಗೆ. ಬಳಪದಲ್ಲಿ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಹಾಗಿದ್ದೂ ವ್ಯಾಪಾರಿಯೊಬ್ಬನ ಕಡತದಲ್ಲಿದ್ದ ಸಾಲಪತ್ರವನ್ನು ಸಾಕ್ಷ್ಯವಾಗಿ ಒಪ್ಪಿಕೊಂಡದ್ದನ್ನು ತಾನೇ ಕಂಡಿದ್ದಾಗಿ ವಿಲ್ಕ್ಸ್ ಬರೆಯುತ್ತಾನೆ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ದೊಡ್ಡ ಆಕರ.

ಬಟ್ಟೆ ಬಲ ಕೊಡಬೇಕು, ಲೇಪ ಮೈ ಕೊಡಬೇಕು. ಈಗ ಮನೆಯಲ್ಲೇ ಡೈರಿ, ಜರ್ನಲ್ ಹೊಲಿಯುವ ಹವ್ಯಾಸಿಗಳು ರಟ್ಟಿಗೆ ಹೊದಿಸುವ ಬೈಂಡಿಂಗ್ ಬಟ್ಟೆ, ರೆಕ್ಸಿನ್ ಎರಡರ ಹಿಂದೆಯೂ ಇದೇ ಉಪಾಯವಿದೆ. 1820ರ ದಶಕದಲ್ಲಿ ಲಂಡನ್ನಿನ ಬೈಂಡರ್ ಆರ್ಚಿಬಾಲ್ಡ್ ಲೈಟನ್ ಹತ್ತಿ ಬಟ್ಟೆಯ ಎಳೆಗಳ ನಡುವಿನ ಸಂದುಗಳಿಗೆ ಗಂಜಿ ತುಂಬಿದ. ಅಂಟು ಇನ್ನು ಹೊರಮೈಗೆ ಜಿನುಗುವಂತಿರಲಿಲ್ಲ, ಪುಸ್ತಕಕ್ಕೆ ಚರ್ಮವೇ ಬೇಕೆನ್ನುವ ಕಾಲವೂ ಮುಗಿಯತೊಡಗಿತು. ಆದರೆ ಗಂಜಿಗೆ ನೀರು ಬಿದ್ದರೆ ಕಲೆ, ಜಿರಲೆಗಂತೂ ಹಬ್ಬದೂಟ.

ನೀರಿಗೆ ಬಗ್ಗದ ಲೇಪ ಕೊಟ್ಟದ್ದು ರಸಾಯನಶಾಸ್ತ್ರ. ಇಂಗ್ಲೆಂಡಿನಲ್ಲಿ ತಯಾರಾಗುತ್ತಿದ್ದ ಮೂಲ ರೆಕ್ಸಿನ್ ಎಂದರೆ ಹತ್ತಿ ಬಟ್ಟೆಯ ಮೇಲೆ ನೈಟ್ರೋಸೆಲ್ಯುಲೋಸ್ ಪದರ. ಆ ನೈಟ್ರೋಸೆಲ್ಯುಲೋಸ್ ಕೂಡ ನೈಟ್ರಿಕ್ ಆಮ್ಲದಲ್ಲಿ ಪಳಗಿಸಿದ ಹತ್ತಿಯ ನಾರೇ. ಅಂಥ ಲೇಪಗಳು ಬಿರುಸಾಗದಿರಲೆಂದು ಹರಳೆಣ್ಣೆ ಬೆರೆಸುತ್ತಿದ್ದರು. ಪಿವಿಸಿ ಬಂದದ್ದು ಆಮೇಲೆ. 1926ರಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯ ವಾಲ್ಡೋ ಸೀಮನ್, ಲೋಹಕ್ಕೆ ರಬ್ಬರ್ ಅಂಟಿಸುವ ದಾರಿ ಹುಡುಕುತ್ತಾ ಗಡುಸಾದ ಪಿವಿಸಿಯನ್ನು ದ್ರಾವಕದಲ್ಲಿ ಕಾಯಿಸಿದಾಗ ಬಳುಕುವ ಪ್ಲಾಸ್ಟಿಕ್ ಕೈಗೆ ಸಿಕ್ಕಿತು. ನಾವು ಇಂದು ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಳ್ಳುವ ‘ರೆಕ್ಸಿನ್’ ಹೆಚ್ಚಾಗಿ ಇದೇ, ಇಲ್ಲವೇ ಪಾಲಿಯುರೆಥೇನ್, ಅಂದರೆ ಪಿಯು.

ಎರಡಕ್ಕೂ ಒಂದೊಂದು ಕಾಯಿಲೆ. ಪಿವಿಸಿಯನ್ನು ಮೆತ್ತಗಿಡುವ ರಾಸಾಯನಿಕಗಳು ಅದರೊಳಗೆ ಬಂಧಿಯಾಗಿರುವುದಿಲ್ಲ. ವರ್ಷಗಳು ಕಳೆದಂತೆ ಮೆಲ್ಲಗೆ ಹೊರಬರುತ್ತವೆ, ಮೈ ಅಂಟಂಟಾಗುತ್ತದೆ, ಕೊನೆಗೆ ಬಿರುಕು ಬಿಡುತ್ತದೆ. ಹಳೆಯ ಪ್ಲಾಸ್ಟಿಕ್ ಫೈಲಿಗೆ ಜೆರಾಕ್ಸ್ ಪ್ರತಿಯ ಅಕ್ಷರಗಳು ಮೆತ್ತಿಕೊಳ್ಳುವುದು ಈ ಕಾರಣಕ್ಕೇ. ಪಿಯು ಸಮಸ್ಯೆ ಬೇರೆ. ಅಗ್ಗದ ಬಗೆಯಲ್ಲಿರುವ ಎಸ್ಟರ್ ಬಂಧಗಳನ್ನು ಗಾಳಿಯ ತೇವ ಕತ್ತರಿಸುತ್ತದೆ. ಕತ್ತರಿಸಿದಾಗ ಹುಟ್ಟುವ ಆಮ್ಲ ಇನ್ನಷ್ಟು ಬಂಧಗಳು ಕಡಿಯಲು ನೆರವಾಗುತ್ತದೆ. ಹಾಗಾಗಿ ಬಳಸದೆ ಬೀರುವಿನಲ್ಲಿಟ್ಟ ಪಿಯು ಚೀಲವೂ ಹಕ್ಕಳೆ ಏಳುತ್ತದೆ. ಕರಾವಳಿಯ ತೇವದಲ್ಲಿ ಇನ್ನೂ ಬೇಗ.

ಮಾಡುವ ಕೈಗೆ ಮೊದಲು ಎದುರಾಗುವುದು ಮಾತ್ರ ಅಂಟಿನ ತಕರಾರು. ಬಿಳಿ ಅಂಟು ಎಂದರೆ ನೀರಿನಲ್ಲಿ ತೇಲುವ ಪಾಲಿವಿನೈಲ್ ಅಸಿಟೇಟ್ ಕಣಗಳು. ನೀರು ಇಂಗಿ ಹೋದರಷ್ಟೇ ಕಣಗಳು ಒಂದಕ್ಕೊಂದು ಬೆಸೆದು ಪದರವಾಗುತ್ತವೆ. ರೆಕ್ಸಿನ್ನಿನ ಬೆನ್ನು ಬಟ್ಟೆಯಾದ್ದರಿಂದ ರಟ್ಟಿಗೆ ಚೆನ್ನಾಗಿಯೇ ಕೂರುತ್ತದೆ. ಆಮೇಲೆ ಅಂಚನ್ನು ರಟ್ಟಿನ ಒಳಗೆ ಮಡಚಿ, ಅದರ ಮೇಲೆ ಒಳಹಾಳೆ ಅಂಟಿಸುವಾಗ ಕಾಗದಕ್ಕೆ ಸಿಗುವುದು ನುಣುಪಾದ ಪ್ಲಾಸ್ಟಿಕ್ ಮೈ. ನಾರಿಲ್ಲದ ಆ ಮೈಯಲ್ಲಿ ಅಂಟಿಗೆ ಹಿಡಿತವೇ ಸಿಗುವುದಿಲ್ಲ. ಡೈರಿ ನಾಲ್ಕು ಸಲ ತೆರೆದರೆ ಒಳಹಾಳೆಯ ಅಂಚು ಎದ್ದು ನಿಲ್ಲುವುದು ಅಲ್ಲೇ. ಮಡಚಿದ ಅಂಚು ಒಂದೂವರೆ ಸೆಂಟಿಮೀಟರ್ ಮೀರದಿದ್ದರೆ ಒಳಹಾಳೆಯ ಬಹುಪಾಲು ನೇರ ರಟ್ಟಿಗೇ ಕೂರುತ್ತದೆ. ಅಂಚಿನ ಹೊಳಪನ್ನು ಉಪ್ಪುಕಾಗದದಿಂದ ತುಸು ಉಜ್ಜಿ ತೆಗೆದರೆ ಇನ್ನೂ ವಾಸಿ.

ಬಟ್ಟೆಯ ಸಮಸ್ಯೆ ಇದಕ್ಕೆ ತದ್ವಿರುದ್ಧ: ಅದು ಅಂಟನ್ನು ಅತಿಯಾಗಿ ಹೀರುತ್ತದೆ. ಗುಳೇದಗುಡ್ಡದ ಖಣವನ್ನೋ ಖಾದಿಯನ್ನೋ ನೇರವಾಗಿ ರಟ್ಟಿಗೆ ಹಚ್ಚಿದರೆ ಎಳೆಗಳ ಸಂದಿನಿಂದ ಅಂಟು ಹೊರಬಂದು ಕಲೆಯಾಗುತ್ತದೆ. ಮೊದಲು ಬೆನ್ನಿಗೆ ತೆಳು ಕಾಗದ ಅಂಟಿಸಿ ಒಣಗಿಸಬೇಕು. ಲೈಟನ್ನನ ಗಂಜಿ ಮಾಡಿದ ಕೆಲಸವನ್ನೇ ಆ ಕಾಗದ ಮಾಡುತ್ತದೆ. ಅದಕ್ಕೆ ಮೈದಾ ಅಂಟು ಒಳ್ಳೆಯದು. ತಪ್ಪಾದರೆ ನೀರು ತಾಗಿಸಿ ಬಿಡಿಸಬಹುದು, ಒಣಗಿದ ಬಿಳಿ ಅಂಟು ಅಷ್ಟು ಸುಲಭಕ್ಕೆ ಬಿಡದು. ಹುಳು ಬರದಿರಲೆಂದು ನಮ್ಮ ಹಳೆಯ ಬೈಂಡರ್‌ಗಳು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ.

ಇನ್ನು ಕಾಗದ. ಕಾರ್ಖಾನೆಯಲ್ಲಿ ಕಾಗದ ಹರಿದುಬರುವಾಗ ನಾರುಗಳು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ತೇವ ತಾಗಿದ ನಾರು ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ, ಅಡ್ಡಕ್ಕೇ ಹೆಚ್ಚು. ನಾರಿನ ದಿಕ್ಕು ಡೈರಿಯ ಬೆನ್ನಿಗೆ ಅಡ್ಡಲಾಗಿದ್ದರೆ ಅಂಟಿನ ತೇವಕ್ಕೆ ಮಡಿಕೆಯ ಉದ್ದಕ್ಕೂ ಅಲೆ ಏಳುತ್ತದೆ, ಪುಟಗಳೂ ಸೆಟೆದುಕೊಂಡು ನಿಲ್ಲುತ್ತವೆ. ಪರೀಕ್ಷೆ ಸುಲಭ: ಚೌಕಾಕಾರದ ಕಾಗದದ ತುಂಡಿನ ಒಂದು ಮೈಯನ್ನಷ್ಟೇ ಒದ್ದೆ ಮಾಡಿ. ಅದು ಕೊಳವೆಯಾಗಿ ಸುರುಳಿ ಸುತ್ತುತ್ತದೆ. ಆ ಕೊಳವೆಯ ಉದ್ದವೇ ನಾರಿನ ದಿಕ್ಕು. ರಟ್ಟಿಗೂ ಇದೇ ನಿಯಮ. ಅಂಟಿಸಿದ ಹೊದಿಕೆ ಒಣಗುತ್ತಾ ಕುಗ್ಗಿ ರಟ್ಟನ್ನು ಹೊರಗೆ ಎಳೆದರೆ, ಒಳಹಾಳೆ ಒಳಗೆ ಎಳೆಯುತ್ತದೆ. ಎರಡೂ ಸಮನಾದರೆ ರಟ್ಟು ಸಪಾಟು. ರೆಕ್ಸಿನ್ ಅಷ್ಟಾಗಿ ಕುಗ್ಗುವುದಿಲ್ಲ, ಆದ್ದರಿಂದ ರೆಕ್ಸಿನ್ ಡೈರಿಯ ರಟ್ಟು ಒಳಕ್ಕೆ ಬಾಗುವುದು ಜಾಸ್ತಿ. ಇದಕ್ಕೆ ಅಂಟು ತೆಳ್ಳಗೆ ಹಚ್ಚಬೇಕು, ರಾತ್ರಿಯಿಡೀ ಭಾರ ಹೇರಬೇಕು.

ಕೊಳ್ಳುವ ಮೊದಲು ರೆಕ್ಸಿನ್ನಿನ ಬೆನ್ನು ತಿರುಗಿಸಿ ನೋಡಿ. ಬನಿಯನ್ನಿನಂತೆ ಹೆಣೆದ ಬಟ್ಟೆಯಿದ್ದರೆ ಎಳೆದಂತೆ ಹಿಗ್ಗುತ್ತದೆ, ರಟ್ಟಿನ ಮೇಲೆ ನೇರ ಕೂರಿಸುವುದು ಕಷ್ಟ. ಹಾಸುಹೊಕ್ಕಿನ ನೇಯ್ಗೆಯಿದ್ದರೆ ಕೆಲಸಕ್ಕೆ ಅನುಕೂಲ. ದಿನಾ ಚೀಲದಲ್ಲಿ ತಿರುಗುವ ಡೈರಿಗೆ ಪಿವಿಸಿ ರೆಕ್ಸಿನ್ ಸಾಕು. ಮೊಮ್ಮಕ್ಕಳ ಕೈಗೆ ಹೋಗಬೇಕಾದ ಬರಹವಾದರೆ ಹತ್ತಿ ಬಟ್ಟೆಯನ್ನೇ ಹೊದಿಸಿ.