ಸೂಜಿ ಹಾಕಿಸಿ ಗಾಡಿ ಹತ್ತಿದ್ದೆ

‘ಅಣ್ಣಾ, ಕರಿಯನ ಮುಖ ನೋಡು!’ ಸ್ಕೂಟರಿನ ಹಿಂದೆ ಕೂತಿದ್ದ ತಂಗಿ ಕೂಗಿದಳು. ತಿ. ನರಸೀಪುರದ ಅಜ್ಜಿ ಮನೆಯ ಡ್ಯಾಶ್‌ಹಂಡ್ ನಮ್ಮ ಕರಿಯ. ಅವತ್ತು ರೇಬಿಸ್ ಲಸಿಕೆಯ ಜತೆಗೆ ಇನ್ನೊಂದನ್ನೂ ಹಾಕಿಸಿ, ನಂಜನಗೂಡಿನ ನಮ್ಮನೆಗೆ ಹೊರಟಿದ್ದೆವು. ಸುತ್ತೂರಿನ ಹತ್ತಿರ ಬರುವಷ್ಟರಲ್ಲಿ ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು, ವಾಂತಿ ಬೇರೆ. ಗಾಡಿ ತಿರುಗಿಸಿದೆ. ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಊತ ಇಳಿಯಿತು. ‘ಇನ್ಮೇಲೆ ಇದಕ್ಕೆ ಸೂಜಿನೇ ಬೇಡ ಕಣ್ ಮಗ’ ಎಂದು ಅಜ್ಜಿ ಹಟ ಹಿಡಿದರು.

ಬಿ.ಇ. ಓದುವವನಿಗೆ ಅಂಕಿ–ಅಂಶ ನೋಡದೆ ಸಮಾಧಾನವಿಲ್ಲ. ಹುಡುಕಿದಾಗ 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಸಿಕ್ಕಿತು. 12 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ಅದು. ಲಸಿಕೆ ಹಾಕಿದ ಮೂರು ದಿನದೊಳಗೆ ತೊಂದರೆ ಕಂಡದ್ದು 10,000ಕ್ಕೆ ಸುಮಾರು 38 ನಾಯಿಗಳಲ್ಲಿ. ಡ್ಯಾಶ್‌ಹಂಡ್, ಪಗ್, ಚಿವಾವಾದಂಥ ತಳಿಗಳಲ್ಲಿ ಹೆಚ್ಚು. ನಾಯಿಯ ತೂಕ ಕಡಿಮೆಯಿದ್ದಷ್ಟೂ, ಒಂದೇ ಸಲಕ್ಕೆ ಹಾಕುವ ಲಸಿಕೆಗಳು ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಹಾಗೆಂದು ಬಿಡುವುದು ಹೇಗೆ? ಕರಿಯ ಮುದ್ದೆ ತಿನ್ನುವುದು ಅಜ್ಜಿಯ ಕೈಯಿಂದಲೇ. ರೇಬಿಸ್ ಲಕ್ಷಣ ಕಾಣಿಸಿಕೊಂಡರೆ ನಾಯಿಯಿರಲಿ, ಮನುಷ್ಯರು ಬದುಕುವುದೂ ತೀರಾ ಅಪರೂಪ. ಇದನ್ನು ಹೇಳಿದ ಮೇಲೆ ಅಜ್ಜಿ ಸುಮ್ಮನಾದರು.

ಮರುವರ್ಷ ಡಾಕ್ಟರಿಗೆ ಹಿಂದಿನದನ್ನೆಲ್ಲ ಮೊದಲೇ ಹೇಳಿದೆ. ಅವರು ಅಲರ್ಜಿ ತಡೆಯುವ ಔಷಧ ಕೊಟ್ಟು, ರೇಬಿಸ್ ಲಸಿಕೆಯೊಂದನ್ನೇ ಹಾಕಿದರು. ಇನ್ನೊಂದು ಕೆಲವು ವಾರ ಬಿಟ್ಟು. ಆಸ್ಪತ್ರೆಯ ಮರದಡಿ ಅಜ್ಜಿ, ನಾನು, ಕರಿಯ ಒಂದು ಗಂಟೆ ಕೂತೆವು. ಏನೂ ಆಗಲಿಲ್ಲ.

ನಿಮ್ಮ ಮನೆಯಲ್ಲೂ ಪುಟ್ಟ ನಾಯಿಯಿದ್ದರೆ ಲಸಿಕೆ ತಪ್ಪಿಸಬೇಡಿ. ಹಾಕಿಸಿದ ತಕ್ಷಣ ನನ್ನಂತೆ ಗಾಡಿಯನ್ನೂ ಹತ್ತಬೇಡಿ.